ಮಾಮ ಹಾಕಿದ ಸಹಿ

ಭೋಸರಿ, ಪುಣೆ

ಅವ್ವನಿಗೆ ನಮಸ್ಕಾರ.

ನಾನು ಪುಣೆಗೆ ಬಂದು ಎಂಟು ವರ್ಷ ಕಳೆಯಿತು. ನೀನು ಈಗಲೂ ಓಣಿಯವರ ಮುಂದೆ 'ಮಗ ಪರದೇಶದಲ್ಲಿದ್ದಾನೆ' ಅಂತಲೇ ಹೇಳುತ್ತೀಯಂತೆ. ಗದಗಿನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಬಂದಿಳಿಯುವ ಪರದೇಶ! ಇರಲಿ ಬಿಡು. ಮೊನ್ನೆ ಫೋನಿನಲ್ಲಿ ಮಾಮನ ಕೆಲಸದ ಬಗ್ಗೆ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಮಾಮ ಪಕ್ಕದಲ್ಲೇ ಕೂತಿದ್ದ. ಅದಕ್ಕೇ ಬರೆಯುತ್ತಿದ್ದೇನೆ, ತಂಗಿಯ ಹತ್ತಿರ ಓದಿಸಿಕೋ.

ಮಾಮನ ಕೆಲಸ ಹೋಗಿದ್ದು ನಿಜ. ಕುಡಿದು ಜಗಳ ಮಾಡಿದ ಅಂತ ನಿನಗೆ ಯಾರು ಹೇಳಿದರೋ ಗೊತ್ತಿಲ್ಲ, ಅದು ಸುಳ್ಳು. ಸ್ಕ್ರೂ ಮಾಡುವ ಫ್ಯಾಕ್ಟರಿಯೇ ಮುಚ್ಚಿತು. ಚೀನಾದ ಸ್ಕ್ರೂ, ಇಲ್ಲಿ ಸ್ಕ್ರೂ ಮಾಡಲು ತಂತಿ ಕೊಳ್ಳುವ ರೇಟಿಗೇ ಸಿಗುತ್ತದೆ ಎಂದು ಮಾಲೀಕ ನಾಲ್ಕು ವರ್ಷದಿಂದ ಹೇಳುತ್ತಿದ್ದನಂತೆ. 2024ರ ಜನವರಿಯಲ್ಲಿ ಸರ್ಕಾರ ಕೆಜಿಗೆ 129 ರೂಪಾಯಿಗಿಂತ ಅಗ್ಗದ ಸ್ಕ್ರೂಗಳ ಆಮದು ನಿಲ್ಲಿಸಿತು. ಅಷ್ಟರಲ್ಲಿ ಇವರ ಗಿರಾಕಿಗಳು ಅರ್ಧಕ್ಕರ್ಧ ಹೋಗಿದ್ದರು. ಹೋದವರು ವಾಪಸ್ ಬರಲಿಲ್ಲ.

ಹೋದ ವಾರ ಗೋಡೆಗೆ ಹಲಗೆ ಹೊಡೆಯಲು ಒಂದು ಪೊಟ್ಟಣ ಸ್ಕ್ರೂ ತಂದಿದ್ದೆ. ಮಾಮ ಒಂದನ್ನು ಎತ್ತಿ ಬಲ್ಬಿನ ಕೆಳಗೆ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದ. 19 ವರ್ಷ ಎಣ್ಣೆಯಲ್ಲಿ ನೆನೆದ ಉಗುರು ಅದು, ಸೋಪು ಹಾಕಿದರೂ ಕಪ್ಪು ಬಿಡುವುದಿಲ್ಲ. "ಚೀನಾ ಮಾಲು. ಥ್ರೆಡ್ ಚಲೋ ಅದನೋ, ಅದೇ ಬ್ಯಾಸರ" ಅಂದ. ಮತ್ತೆ ಪೊಟ್ಟಣಕ್ಕೆ ಹಾಕಿಟ್ಟ. ಹಲಗೆ ಇನ್ನೂ ಹೊಡೆದಿಲ್ಲ.

ಸರ್ಕಾರ ಏನೂ ಕೊಡುವುದಿಲ್ವಾ ಎಂದು ಕೇಳಿದೆಯಲ್ಲ. ಕೊಡುತ್ತದೆ ಅವ್ವ. ಮಾಮನ ಸಂಬಳದಲ್ಲಿ ತಿಂಗಳು ತಿಂಗಳು ಇಎಸ್‌ಐ ಅಂತ ಕಾರ್ಮಿಕರ ವಿಮೆಗೆ ಹಣ ಹಿಡಿಯುತ್ತಿದ್ದರು. ಜ್ವರಕ್ಕೆ ಗುಳಿಗೆ ಕೊಡುವ ದವಾಖಾನೆ ಅಂತಷ್ಟೇ ನಾವು ತಿಳಿದಿದ್ದೆವು. ಫ್ಯಾಕ್ಟರಿ ಮುಚ್ಚಿ ಕೆಲಸ ಕಳೆದುಕೊಂಡವರಿಗೆ ಅಲ್ಲೇ ಭತ್ಯೆಯೂ ಉಂಟು. ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಅಂತ, 2005ರಿಂದ ಇದೆ. ಮೊದಲ 12 ತಿಂಗಳು ಸಂಬಳದ ಅರ್ಧ, ಆಮೇಲಿನ 12 ತಿಂಗಳು ಕಾಲು ಭಾಗ. ಮಾಲೀಕನೂ ಕೊಡಬೇಕು, ಸೇವೆಯ ವರ್ಷಕ್ಕೆ 15 ದಿನದ ಸಂಬಳ. ಮಾಮನ 19 ವರ್ಷಕ್ಕೆ ಲೆಕ್ಕ ಹಾಕಿದೆ, 285 ದಿನದ್ದಾಗುತ್ತದೆ.

ಆದರೆ ಮಾಮ ಒಂದು ಕಾಗದಕ್ಕೆ ಸಹಿ ಹಾಕಿದ್ದಾನೆ. ಕೊನೇ ದಿನ ಎಲ್ಲರನ್ನೂ ಕರೆದು ಚಹಾ ಕೊಟ್ಟು, ಮೂರು ತಿಂಗಳ ಸಂಬಳದ ಚೆಕ್ಕಿನ ಜೊತೆ ಅದನ್ನೂ ಮುಂದಿಟ್ಟರಂತೆ. ಹಣ ಮುಟ್ಟಿದ್ದಕ್ಕೆ ರಸೀದಿ ಇರಬೇಕು ಅಂದುಕೊಂಡ. ನಾನು ಓದಿ ನೋಡಿದೆ, ರಾಜೀನಾಮೆ! 'ಸ್ವಂತ ಇಚ್ಛೆಯಿಂದ' ಅಂತ ಬರೆದಿದೆ. ಸ್ವಂತ ಇಚ್ಛೆಯಿಂದ ಬಿಟ್ಟವನಿಗೆ ಆ ಭತ್ಯೆ ಇಲ್ಲ, 285 ದಿನದ ಹಣವೂ ಇಲ್ಲ. ಗ್ರಾಚ್ಯುಟಿ ಕೈಗೆ ಬಂದಿದೆ, ಪಿಎಫ್ ಬರುತ್ತದೆ. ಅಷ್ಟೇ.

ನನಗೆ ಸಿಟ್ಟು ಬಂದದ್ದು ಹೌದು, ಮಾಮನ ಮೇಲಲ್ಲ. ನನ್ನದೂ ಒಂದು ಕತೆಯಿದೆ, ನಿನಗೆ ಹೇಳಿರಲಿಲ್ಲ. 2019ರಲ್ಲಿ ಈ ರಾತ್ರಿ ಪಾಳಿಯ ಕೆಲಸವನ್ನು ನನಗೆ ಕಲಿಸಿದವಳು ಅಮೆರಿಕದ ಒಬ್ಬ ಹೆಂಗಸು. ಆರು ವಾರ ಕಂಪ್ಯೂಟರಿನಲ್ಲೇ ಮುಖ ನೋಡಿಕೊಂಡು ಹೇಳಿಕೊಟ್ಟಳು. ಏಳನೇ ವಾರ ಅವಳ ಕೆಲಸ ನನ್ನ ಟೇಬಲ್ಲಿಗೆ ಬಂತು, ಅವಳು ಮನೆಗೆ ಹೋದಳು. ನನಗೆ ಎಷ್ಟು ಮುಜುಗರ ಗೊತ್ತಾ? ಅವಳೇ ಸಮಾಧಾನ ಹೇಳಿದಳು. ಅಲ್ಲಿ ಇಂಥವರಿಗೆ ಅಂತಲೇ ಒಂದು ಯೋಜನೆ ಇತ್ತು. ಮೂವರು ಕೆಲಸಗಾರರು ಸೇರಿ ಅರ್ಜಿ ಕೊಟ್ಟರೂ ಸಾಕು. ಕೆಲಸ ಹೋದದ್ದು ಹೊರಗಿನ ಮಾಲಿನಿಂದಲಾ, ಅಥವಾ ಕೆಲಸವೇ ಹೊರದೇಶಕ್ಕೆ ಹೋಯಿತಾ ಎಂದು ಕಾರ್ಮಿಕ ಇಲಾಖೆಯವರೇ ವಿಚಾರಿಸುತ್ತಿದ್ದರು. ಹೌದು ಅಂತಾದರೆ ಹೊಸ ಕೆಲಸ ಕಲಿಯಲು ಫೀಸು, ಕಲಿಯುವಾಗ ವಾರ ವಾರ ಖರ್ಚಿಗೆ ಹಣ. 50 ದಾಟಿದವರು ಕಡಿಮೆ ಸಂಬಳಕ್ಕೆ ಬೇರೆ ಕಡೆ ಸೇರಿದರೆ, ಕಮ್ಮಿ ಬಿದ್ದದ್ದರಲ್ಲಿ ಅರ್ಧ ಸರ್ಕಾರ ತುಂಬಿಕೊಡುತ್ತಿತ್ತು. ಎರಡು ವರ್ಷದವರೆಗೆ, ಹೆಚ್ಚೆಂದರೆ 10,000 ಡಾಲರ್. ಅವಳಿಗೆ ಸಿಕ್ಕಿತು ಅಂತ ಮೆಸೇಜ್ ಮಾಡಿದ್ದಳು.

ಅಲ್ಲಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡ. ಆ ಯೋಜನೆ ಕೆನಡಿ ಅಲ್ಲಿನ ಅಧ್ಯಕ್ಷನಾಗಿದ್ದಾಗ, 1962ರಲ್ಲಿ ಬಂದದ್ದು. 1969ರವರೆಗೆ ಒಂದು ಅರ್ಜಿಯೂ ಪಾಸಾಗಲಿಲ್ಲವಂತೆ. ಅಲ್ಲಿನ ಸಂಸತ್ತು ಮುಂದುವರಿಸದೆ ಬಿಟ್ಟಿದ್ದರಿಂದ 2022ರ ಜುಲೈ 1ರಿಂದ ಹೊಸಬರಿಗೆ ಬಾಗಿಲು ಮುಚ್ಚಿತು. ಆದರೂ ಮಾಮನಿಗೆ 52. ಈ ವಯಸ್ಸಿನವರಿಗೆ ಕೆಲಸ ಸಿಕ್ಕರೂ ಹಳೇ ಸಂಬಳ ಸಿಗಲ್ಲ ಅನ್ನುವುದನ್ನು ಯಾರೋ ಒಬ್ಬರು ಕೂತು ಯೋಚಿಸಿದ್ದರು, ಅಲ್ವಾ? ಇಲ್ಲಿ ಮಾಮ ಈಗ ಒಂದು ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಕೆಲಸ ಕೇಳಿಬಂದಿದ್ದಾನೆ.

ಆ ಕಾಗದದ ಬಗ್ಗೆ ಸೋಮವಾರ ರಜೆ ಹಾಕಿ ಲೇಬರ್ ಆಫೀಸಿಗೆ ಕರೆದುಕೊಂಡು ಹೋಗುತ್ತೇನೆ. ಜೊತೆಗಿದ್ದ ಹನ್ನೊಂದು ಜನರಲ್ಲಿ ನಾಲ್ವರು ಬರುತ್ತೇವೆ ಅಂದಿದ್ದಾರೆ. ಇಬ್ಬರು ಕಲಬುರ್ಗಿಯವರು, ಒಬ್ಬ ವಿಜಯಪುರ ಕಡೆಯ ಇಂಡಿ ಊರಿನವನು, ಇನ್ನೊಬ್ಬ ಸಾತಾರಾದವನು. ಏನಾಗುತ್ತದೋ ನೋಡೋಣ.

ನೀನು ಹಣ ಕಳಿಸಬೇಡ, ಬೆಂಡೋಲೆ ಅಡ ಇಡುವ ಮಾತಂತೂ ಬೇಡವೇ ಬೇಡ. ಹುಬ್ಬಳ್ಳಿಯಲ್ಲಿರುವ ಅಣ್ಣನಿಗೆ ಮಾತ್ರ ಇವತ್ತೇ ಫೋನ್ ಮಾಡಿ ಹೇಳು, ಅವರ ಫ್ಯಾಕ್ಟರಿಯಲ್ಲೂ ಎರಡು ಪಾಳಿ ಒಂದಾಗಿದೆಯಂತೆ. ಯಾರು ಚಹಾ ಕೊಟ್ಟರೂ ಕುಡಿಯಲಿ, ಓದದೆ ಸಹಿ ಮಾತ್ರ ಹಾಕದಿರಲಿ. ಕಾಗದದ ಫೋಟೋ ತೆಗೆದು ಮೊದಲು ನನಗೆ ಕಳಿಸಲಿ.

ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿದೆ ಅಂದಿದ್ದೆಯಲ್ಲ, ಮಾಮ ಅದಕ್ಕೆ ತನ್ನ ಮಶೀನಿನಲ್ಲಿ ಮಾಡಿದ ಸ್ಕ್ರೂ ಎತ್ತಿಟ್ಟಿದ್ದಾನೆ. ದೀಪಾವಳಿಗೆ ತಾನೇ ಬಂದು ಹಾಕುತ್ತಾನಂತೆ.

ನಿನ್ನ ಮಗ