ಮೂವರು ಹುಡುಗಿಯರ ಒಂದೇ ಪಾತ್ರ

ಬ್ರ್ಯಾಡ್‌ಫರ್ಡ್, ಇಂಗ್ಲೆಂಡ್
ಭಾನುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಪ್ಪನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಓದಿ ಸಮಾಧಾನವಾಯಿತು. ನಿನ್ನ ಪತ್ರ ತಲುಪಿದಾಗ ತಂಡ ಒಂದು ಊರಿನಿಂದ ಇನ್ನೊಂದು ಊರಿಗೆ ಹೊರಟಿತ್ತು. ಅಂಥ ವಾರದಲ್ಲಿ ಮಕ್ಕಳ ಬಟ್ಟೆಬರೆ, ಶಾಲೆಯ ಪುಸ್ತಕ, ಪರವಾನಗಿಯ ಕಾಗದಪತ್ರ ಎಲ್ಲವೂ ನಮ್ಮ ಮೇಲೆಯೇ ಬೀಳುತ್ತವೆ. ಇಂದು ಪ್ರದರ್ಶನವಿಲ್ಲ, ಬಿಡುವಾಗಿ ಬರೆಯುತ್ತಿದ್ದೇನೆ.

ನಮ್ಮ ತಂಡದ ಹುಡುಗಿಯನ್ನು ಪತ್ರಿಕೆಯವರು ಹೊಗಳಿದ್ದು ನಿಜವೇ ಎಂದು ಕೇಳಿದ್ದೀಯ. ಪುಟ್ಟಿಯನ್ನು ಮಕ್ಕಳ ನಾಟಕ ತಂಡದ ಜೊತೆ ಪ್ರವಾಸಕ್ಕೆ ಕಳುಹಿಸಬಹುದೇ ಎಂದೂ ಕೇಳಿದ್ದೀಯ. ಮೊದಲನೆಯದನ್ನು ವಿವರವಾಗಿ ಹೇಳಿದರೆ ಎರಡನೆಯದಕ್ಕೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ಹೊಗಳಿದ್ದು ನಿಜ. ಹೊಗಳಿಕೆಗೆ ಆ ಹುಡುಗಿ ಪೂರ್ತಿ ಅರ್ಹಳು. ಅವಳಿಗೆ ಹತ್ತು ವರ್ಷ. ಹೆಸರು ಬರೆಯುವುದಿಲ್ಲ ಅಕ್ಕ. ಮಕ್ಕಳನ್ನು ನೋಡಿಕೊಳ್ಳುವ ನಾವು ಅವರ ಹೆಸರು ಹಿಡಿದು ಹೊರಗೆ ಕಥೆ ಹೇಳಬಾರದು. ವಿಮರ್ಶಕರು ಅವಳ ಕಂಠವನ್ನು ಮೆಚ್ಚಿ ಬರೆದಿದ್ದಾರೆ. ದಿನವೂ ಪಕ್ಕದ ಪರದೆಯ ಮರೆಯಲ್ಲಿ ನಿಂತು ನೋಡುವ ನನಗೆ ಅವಳ ಕಂಠಕ್ಕಿಂತ ಅವಳ ತಾಳ್ಮೆಯೇ ದೊಡ್ಡದಾಗಿ ಕಾಣುತ್ತದೆ. ಎರಡನೆಯ ಅಂಕದಲ್ಲಿ ಅವಳು ಒಬ್ಬಳೇ ನಿಂತು ಹಾಡುವ ಹಾಡೊಂದಿದೆ. ಮೊನ್ನೆ ಆ ಹಾಡು ಶುರುವಾಗುವ ಹೊತ್ತಿಗೆ ಸರಿಯಾಗಿ ಸಭಾಂಗಣದಲ್ಲಿ ಯಾರದೋ ಮೊಬೈಲ್ ಹೊಡೆದುಕೊಳ್ಳತೊಡಗಿತು. ಇಲ್ಲಿನ ಅಲ್ಹಂಬ್ರ ರಂಗಮಂದಿರ 1914ರಲ್ಲಿ ಕಟ್ಟಿದ್ದು, 1,400ಕ್ಕೂ ಹೆಚ್ಚು ಜನ ಕೂರುತ್ತಾರೆ. ಅಷ್ಟು ಜನರೂ ಆ ಸದ್ದಿನತ್ತ ತಿರುಗಿದರು. ಹುಡುಗಿ ಕದಲಲಿಲ್ಲ. ಪಾತ್ರ ಬಿಟ್ಟು ಆಚೆ ಬರಲಿಲ್ಲ, ಗಾಬರಿಯಾಗಿ ಹಾಡನ್ನು ಎತ್ತಿಕೊಳ್ಳಲೂ ಇಲ್ಲ. ಎದುರಿನ ಬಾಲ್ಕನಿಯ ಅಂಚಿನಲ್ಲಿರುವ ಸಣ್ಣ ಪರದೆಯಲ್ಲಿ ವಾದ್ಯವೃಂದದ ನಿರ್ದೇಶಕರ ಕೈ ಕಾಣುತ್ತದೆ. ಅವರು ಕೈ ಎತ್ತಿ ಹಾಗೆಯೇ ಹಿಡಿದಿದ್ದರು. ಸದ್ದು ನಿಂತಿತು. ಜನ ಮತ್ತೆ ವೇದಿಕೆಯತ್ತ ತಿರುಗುವವರೆಗೂ ಅವಳು ಕಾದಳು. ಆಮೇಲೆ ಉಸಿರೆಳೆದುಕೊಂಡಳು, ಅವರ ಕೈ ಇಳಿಯಿತು. ಯಾವ ತಾಲೀಮಿನಲ್ಲೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಹಾಡು ಮುಗಿಸಿ ಕತ್ತಲಿಗೆ ಬಂದವಳು ನನ್ನ ಕೈ ಹಿಡಿದು ಬಾಯಿ ತೆರೆದು ತೋರಿಸಿದಳು. ದವಡೆಯ ಹಾಲುಹಲ್ಲು ಅಲುಗಾಡುತ್ತಿತ್ತು. ಅಂದು ಅವಳಿಗಿದ್ದ ಚಿಂತೆ ಅದೊಂದೇ: ಅದು ವೇದಿಕೆಯ ಮೇಲೆ ಬಿದ್ದರೆ ಏನು ಮಾಡುವುದು? ನಾಲಗೆ ತಾಕದಂತೆ ಇಟ್ಟುಕೋ ಎಂದೆ. ಹಣೆಯಂಚಿನಲ್ಲಿ ಕೂದಲೊಳಗೆ ಅಂಟಿಸಿದ್ದ ಮೈಕ್ ಸಡಿಲವಾಗಿತ್ತು, ಅದನ್ನು ಧ್ವನಿ ವಿಭಾಗದವರು ಸರಿಪಡಿಸುವಷ್ಟರಲ್ಲಿ ಅವಳ ಮುಂದಿನ ಪ್ರವೇಶ ಬಂದೇಬಿಟ್ಟಿತು.

ಅಕ್ಕ, ಪತ್ರಿಕೆ ಬರೆಯದ ಸಂಗತಿಯೊಂದಿದೆ. ಆ ಪಾತ್ರವನ್ನು ಮೂವರು ಹುಡುಗಿಯರು ಸರದಿಯಲ್ಲಿ ಮಾಡುತ್ತಾರೆ. ವಾರಕ್ಕೆ ಎಂಟು ಪ್ರದರ್ಶನಗಳನ್ನು ಒಂದೇ ಮಗುವಿನ ಮೇಲೆ ಹೇರುವಂತಿಲ್ಲ. ಒಬ್ಬಳು ವೇದಿಕೆಯ ಮೇಲಿದ್ದಾಗ ಇನ್ನೊಬ್ಬಳು ರಂಗಮಂದಿರದಲ್ಲೇ ಸಿದ್ಧಳಾಗಿ ಕಾದಿರುತ್ತಾಳೆ. ನಡುವೆ ಜ್ವರವೋ ವಾಂತಿಯೋ ಬಂದರೆ ಅವಳು ಮುಂದುವರಿಸುತ್ತಾಳೆ. ಮೂರನೆಯವಳಿಗೆ ಅಂದು ರಜೆ. ವಿಮರ್ಶಕರು ಬಂದ ಸಂಜೆ ಯಾರ ಸರದಿಯೋ ಅವಳ ಬಗ್ಗೆ ನಾಲ್ಕು ಮಾತು ಅಚ್ಚಾಗುತ್ತದೆ, ಉಳಿದಿಬ್ಬರು ಓದುತ್ತಾರೆ. ಈ ಸಲ ಹೊಗಳಿಸಿಕೊಂಡವಳಷ್ಟೇ ಚೆನ್ನಾಗಿ ಇನ್ನೊಬ್ಬಳು ಅಭಿನಯಿಸುತ್ತಾಳೆ. ಅವಳ ತುಂಟತನದ ದೃಶ್ಯಗಳಿಗೆ ಪ್ರೇಕ್ಷಕರು ಹೆಚ್ಚು ನಗುತ್ತಾರೆ. ಅದಕ್ಕೇ ನಮ್ಮ ತಂಡದಲ್ಲಿ ಮಕ್ಕಳ ಕೋಣೆಯ ಗೋಡೆಗೆ ಯಾವ ವಿಮರ್ಶೆಯನ್ನೂ ಅಂಟಿಸುವುದಿಲ್ಲ. ಈ ಕಟ್ಟುನಿಟ್ಟು ನನಗೆ ತುಂಬ ಹಿಡಿಸಿದೆ.

ಈ ನ್ಯಾಯವನ್ನು ದೊಡ್ಡ ಪ್ರಶಸ್ತಿಯವರೂ ಒಪ್ಪಿದ್ದಾರೆ ಗೊತ್ತೇ? 2006ರಲ್ಲಿ ಲಂಡನ್ನಿನ ಒಲಿವಿಯರ್ ಪ್ರಶಸ್ತಿಯಲ್ಲಿ ಸಂಗೀತ ನಾಟಕದ ಅತ್ಯುತ್ತಮ ನಟ ಎಂದು ‘ಬಿಲ್ಲಿ ಎಲಿಯಟ್’ನ ಪಾತ್ರ ಹಂಚಿಕೊಂಡಿದ್ದ ಮೂವರು ಹುಡುಗರನ್ನೂ ಒಟ್ಟಿಗೆ ಆರಿಸಿದರು. 2009ರಲ್ಲಿ ನ್ಯೂಯಾರ್ಕಿನ ಟೋನಿ ಪ್ರಶಸ್ತಿಯೂ ಅದೇ ಪಾತ್ರದ ಅಲ್ಲಿನ ಮೂವರಿಗೆ ಹೋಯಿತು. 2012ರಲ್ಲಿ ‘ಮಟಿಲ್ಡ’ ನಾಟಕಕ್ಕೆ ಏಳು ಒಲಿವಿಯರ್ ಬಂದಾಗ ಅತ್ಯುತ್ತಮ ನಟಿಯಾಗಿ ನಾಲ್ವರು ಬಾಲಕಿಯರು ವೇದಿಕೆ ಹತ್ತಿದರು, ಅವರಲ್ಲಿ ಎಲೀನರ್ ವರ್ದಿಂಗ್ಟನ್ ಕಾಕ್ಸ್‌ಗೆ ಆಗ ಕೇವಲ 10 ವರ್ಷ. ದೊಡ್ಡವರ ಜೊತೆ ಒಂದೇ ಸಾಲಿನಲ್ಲಿ ಸ್ಪರ್ಧಿಸಿ ಗೆದ್ದರು, ಆದರೆ ಯಾರೂ ಒಬ್ಬಳನ್ನು ಮಾತ್ರ ಎತ್ತಿ ಕೂರಿಸಲಿಲ್ಲ. ಇದನ್ನು ಪುಟ್ಟಿಗೆ ತಪ್ಪದೆ ಹೇಳು.

ಇನ್ನು ನನ್ನ ಕೆಲಸ. ಇಲ್ಲಿ ಶಾಲೆಗೆ ಹೋಗುವ ಮಗು ಹೀಗೆ ವೃತ್ತಿ ರಂಗಭೂಮಿಯಲ್ಲಿ ಅಭಿನಯಿಸಬೇಕಾದರೆ ಅದರ ಮನೆಯಿರುವ ಊರಿನ ಕೌನ್ಸಿಲ್ ಪರವಾನಗಿ ಕೊಡಬೇಕು. ತಂದೆತಾಯಿ ಜೊತೆಗಿಲ್ಲದಾಗ ನಮ್ಮಂಥ ಮೇಲ್ವಿಚಾರಕರು ಇರಲೇಬೇಕು, ನಮಗೂ ಕೌನ್ಸಿಲ್ಲೇ ಮಾನ್ಯತೆ ಕೊಡುತ್ತದೆ. ಒಬ್ಬರಿಗೆ ಹೆಚ್ಚೆಂದರೆ 12 ಮಕ್ಕಳು. ಒಂಬತ್ತು ದಾಟಿದ ಮಗು ದಿನಕ್ಕೆ ಒಂಬತ್ತೂವರೆ ಗಂಟೆಗಿಂತ ಹೆಚ್ಚು ಹೊತ್ತು ರಂಗಮಂದಿರದಲ್ಲಿ ಇರುವಂತಿಲ್ಲ, ರಾತ್ರಿ 11ರ ನಂತರವಂತೂ ಇರುವಂತೆಯೇ ಇಲ್ಲ. ಬಂದ ಹೊತ್ತು, ಹೋದ ಹೊತ್ತು, ವೇದಿಕೆ ಹತ್ತಿದ ಹೊತ್ತು, ಊಟ, ವಿಶ್ರಾಂತಿ ಎಲ್ಲವನ್ನೂ ನಾನು ಬರೆದಿಡುತ್ತೇನೆ. ಶಾಲೆ ತಪ್ಪಿದ ದಿನಗಳಿಗೆ ದಿನಕ್ಕೆ ಮೂರು ಗಂಟೆಯ ಲೆಕ್ಕದಲ್ಲಿ ಪಾಠ ಆಗಬೇಕು, ಅದಕ್ಕೆ ಶಿಕ್ಷಕಿಯೊಬ್ಬರು ತಂಡದ ಜೊತೆಯೇ ಓಡಾಡುತ್ತಾರೆ. ನಮ್ಮ ಹೊಗಳಿಕೆಯ ಹುಡುಗಿ ಮಧ್ಯಾಹ್ನ ಭಿನ್ನರಾಶಿ ಬಾರದೆ ಅತ್ತು, ಸಂಜೆ ವೇದಿಕೆಯ ಮೇಲೆ ಸಾವಿರ ಜನರನ್ನು ಅಳಿಸಿದ್ದನ್ನು ನಾನು ಕಂಡಿದ್ದೇನೆ.

ಊರು ಬದಲಾದಾಗ ವೇದಿಕೆಯೂ ಬದಲಾಗುತ್ತದೆ. ಕೆಲವು ಹಳೆಯ ರಂಗಮಂದಿರಗಳಲ್ಲಿ ನೆಲ ಪ್ರೇಕ್ಷಕರತ್ತ ಇಳಿಜಾರಾಗಿರುತ್ತದೆ. ಓಡುವ, ಕುಣಿಯುವ ಮಕ್ಕಳು ಮೊದಲ ದಿನ ಹೆಜ್ಜೆಗಳನ್ನು ಮತ್ತೆ ಅಳೆದುಕೊಳ್ಳಬೇಕು. ಮುಂದೆ ಎಡಿನ್‌ಬರೋದ ಪ್ಲೇಹೌಸ್‌ಗೆ ಹೋಗುತ್ತೇವೆ. ಅಲ್ಲಿ 3,000ಕ್ಕೂ ಹೆಚ್ಚು ಆಸನಗಳಿವೆ.

ಗುಬ್ಬಿ ಕಂಪನಿಯ ಕಾಲದಲ್ಲಿ ಇಷ್ಟೆಲ್ಲ ಕಟ್ಟುಪಾಡು ಎಲ್ಲಿತ್ತು ಎಂದು ಅಪ್ಪ ಕೇಳಿದರೆಂದು ಬರೆದಿದ್ದೀಯ. ಅಪ್ಪನ ಮಾತನ್ನು ತೆಗೆದುಹಾಕಲಾರೆ. ಗುಬ್ಬಿ ವೀರಣ್ಣನವರೇ ಬಾಲಕರಾಗಿದ್ದಾಗ ಕಂಪನಿ ಸೇರಿದವರು. ರಾಜ್‌ಕುಮಾರ್ ತಂದೆ ಪುಟ್ಟಸ್ವಾಮಯ್ಯನವರ ಜೊತೆ ಅದೇ ಕಂಪನಿಯ ನೆರಳಿನಲ್ಲಿ ಬೆಳೆದವರು. ಆದರೆ ಆ ಕಾಲದಲ್ಲಿ ಕಂಪನಿ ಸೇರಿದ ಮಗು ಶಾಲೆ ಬಿಡಬೇಕಾಗುತ್ತಿತ್ತು. ಪುಟ್ಟಿಯ ಮುಂದೆ ಅಂಥ ಆಯ್ಕೆ ಇಡುವ ಅಗತ್ಯ ಈಗ ಯಾರಿಗೂ ಇಲ್ಲ. ಅಪ್ಪನಿಗೆ ಹೀಗೆಂದು ಓದಿ ಹೇಳು, ಬೇಸರ ಮಾಡಿಕೊಳ್ಳುವುದಿಲ್ಲ.

ಪುಟ್ಟಿಯನ್ನು ಕಳುಹಿಸು ಎನ್ನುವುದೇ ನನ್ನ ಅಭಿಪ್ರಾಯ. ಅವಳಿಗೆ ಆಸೆಯಿದೆ, ಶ್ರುತಿ ಶುದ್ಧವಾಗಿದೆ, ಜೊತೆಯ ಮಕ್ಕಳೊಂದಿಗೆ ಹೊಂದಿಕೊಳ್ಳುತ್ತಾಳೆ. ಆದರೆ ತಂಡದವರನ್ನು ಎದುರು ಕೂರಿಸಿಕೊಂಡು ಮಾತಾಡು, ಸಂಕೋಚಪಡಬೇಡ. ಬಾಲಕಲಾವಿದರಿಗೆ ನಮ್ಮಲ್ಲೂ 2017ರ ನಿಯಮಗಳಿವೆ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿಶ್ರಾಂತಿಯಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿಯುತ ವ್ಯಕ್ತಿ ಇರಬೇಕು, ಸತತವಾಗಿ 27 ದಿನ ದಾಟಬಾರದು. ಸಂಪಾದನೆಯಲ್ಲಿ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲಿ ಠೇವಣಿಯಾಗಬೇಕು. ಅವರದು ಹಣ ಕೊಡುವ ತಂಡವಲ್ಲದಿದ್ದರೂ ಇದನ್ನೇ ಅಳತೆಗೋಲಾಗಿ ಇಟ್ಟುಕೋ. ರಾತ್ರಿ ಪ್ರಯಾಣದಲ್ಲಿ ಮಕ್ಕಳ ಜೊತೆ ಯಾರಿರುತ್ತಾರೆ, ಜ್ವರ ಬಂದರೆ ಬದಲಿ ಯಾರು, ತಪ್ಪಿದ ಪಾಠ ಯಾರು ಹೇಳಿಕೊಡುತ್ತಾರೆ ಎಂದು ಕೇಳು. ಬದಲಿಯೇ ಇಲ್ಲ, ಪುಟ್ಟಿಯೇ ಎಲ್ಲ ಪ್ರದರ್ಶನ ಮಾಡಬೇಕು ಎಂದರೆ ಅಲ್ಲಿಗೇ ಬೇಡವೆನ್ನು. ಹಾಗೆ ಕೇಳಿದರೆ ತಂಡದವರು ಏನಂದುಕೊಳ್ಳುತ್ತಾರೋ ಎಂಬ ಭಯ ಭಾವನವರಿಗೆ ಇರಬಹುದು. ಒಳ್ಳೆಯ ತಂಡದವರು ಇಂಥ ಪ್ರಶ್ನೆಗೆ ಕೋಪಿಸಿಕೊಳ್ಳುವುದಿಲ್ಲ, ಅವರ ಬಳಿ ಉತ್ತರ ಸಿದ್ಧವಿರುತ್ತದೆ.

ಪುಟ್ಟಿಗೆ ಇನ್ನೊಂದು ಮಾತು. ಇಲ್ಲಿ ಎತ್ತರ ಹೆಚ್ಚಿದರೆ ಮಕ್ಕಳ ಪಾತ್ರ ಮುಗಿಯುತ್ತದೆ, ಹುಡುಗರಿಗೆ ದನಿ ಒಡೆದರೂ ಅಷ್ಟೇ. ನಮ್ಮ ಮೂವರೂ ಇನ್ನು ಕೆಲವು ತಿಂಗಳಲ್ಲಿ ಮನೆಗೆ ಹೋಗುತ್ತಾರೆ, ಹೊಸ ಮೂವರ ತಾಲೀಮು ಈಗಲೇ ಶುರುವಾಗಿದೆ. ಅದು ತಿಳಿದಿದ್ದೂ ಅವರು ದಿನವೂ ಮನಸ್ಸಿಟ್ಟು ಹಾಡುತ್ತಾರೆ. ಪುಟ್ಟಿಯೂ ಹಾಗೆಯೇ ಹಾಡಲಿ, ಚಪ್ಪಾಳೆ ಎಷ್ಟು ಬಿತ್ತು ಎಂದು ಮನೆಯಲ್ಲಿ ಯಾರೂ ಅವಳನ್ನು ಕೇಳಬೇಡಿ.

ತಂಡದವರು ಏನು ಹೇಳಿದರೆಂದು ಕೂಡಲೇ ಬರೆ. ಒಪ್ಪಂದದ ಕಾಗದ ಕೊಟ್ಟರೆ ಸಹಿ ಹಾಕುವ ಮೊದಲು ಫೋಟೊ ತೆಗೆದು ನನಗೆ ಕಳುಹಿಸು, ಓದಿ ಹೇಳುತ್ತೇನೆ. ಅಮ್ಮ, ಅಪ್ಪ, ಭಾವನವರಿಗೆ ನಮಸ್ಕಾರಗಳು. ಪುಟ್ಟಿಗೆ ನನ್ನ ಆಶೀರ್ವಾದ.

ಇಂತಿ ನಿನ್ನ ಪ್ರೀತಿಯ
ತಂಗಿ