ಇನ್ನು ಮುಂದೆ ಒಂದೇ ದಿನದಲ್ಲಿ ಫಾರ್ಮ್ಯಾಟ್ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

"ಬೆಳಿಗ್ಗೆ ಕೊಡಿ, ಸಂಜೆ ತಗೊಂಡು ಹೋಗಿ." ಹಳೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ (ಅಂದರೆ ಡಿಸ್ಕ್ ಒರೆಸಿ) ಹೊಸದಾಗಿ ವಿಂಡೋಸ್ ಹಾಕಿಕೊಡುವ ಕೆಲಸಕ್ಕೆ ಇಷ್ಟು ವರ್ಷ ನಾವು ಹೇಳುತ್ತಿದ್ದ ಮಾತು ಇದು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹೀಗೆ ಹೇಳುವುದಿಲ್ಲ. ಕಡಿಮೆ ಅಂದರೂ ಮೂರು ದಿನ ಬೇಕು, ಮಧ್ಯೆ ಒಂದು ಸಲ ನೀವು ಬಂದು ಹೋಗಬೇಕು. ಮೊದಲು ನಿಮ್ಮ ಫೈಲುಗಳ ಕಾಪಿ ತೆಗೆಯುತ್ತೇವೆ. ನೀವು ಬಂದು ಆ ಕಾಪಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತೀರಿ. "ಎಲ್ಲ ಇದೆ" ಎಂದು ಸಹಿ ಹಾಕಿದ ಮೇಲೇ ಹಳೇ ವಿಂಡೋಸ್‌ಗೆ ಕೈ ಹಾಕುತ್ತೇವೆ.

ನಿಮಗೆ ಇದು ಎರಡೆರಡು ಓಡಾಟ. ಹಾಗಾಗಿ ಯಾಕೆ ಅಂತ ಬಿಡಿಸಿ ಹೇಳಬೇಕು.

ಕೆಲವು ತಿಂಗಳ ಹಿಂದೆ ಹಿರಿಯರೊಬ್ಬರು ತಮ್ಮ ಹಳೇ ಲ್ಯಾಪ್‌ಟಾಪ್ ತಂದರು. ಆನ್ ಆಗುವುದಕ್ಕೇ ಹತ್ತು ನಿಮಿಷ. "ಏನೇನು ಉಳಿಸಬೇಕು ಸರ್?" ಅಂದೆವು. "ಮುಖ್ಯವಾದದ್ದೆಲ್ಲ ಡೆಸ್ಕ್‌ಟಾಪ್ ಮೇಲೇ ಇದೆ, ಒಂದಿಷ್ಟು ಫೋಟೋ ಇದೆ ನೋಡಿ" ಅಂದರು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ನಾಲ್ಕನ್ನೂ ಕಾಪಿ ಮಾಡಿಕೊಂಡೆವು. ಫಾರ್ಮ್ಯಾಟ್ ಆಯಿತು, ಸಂಜೆಗೆ ಲ್ಯಾಪ್‌ಟಾಪ್ ಅವರ ಕೈಯಲ್ಲಿತ್ತು. ಮೂರನೇ ದಿನ ವಾಪಸ್ ಬಂದರು. "ನನ್ನ ಮೇಲ್‌ಗಳು ಕಾಣ್ತಾ ಇಲ್ವಲ್ಲ?"

ಅವರು ಮೇಲ್ ನೋಡುತ್ತಿದ್ದದ್ದು ಬ್ರೌಸರಿನಲ್ಲಿ ಅಲ್ಲ, ಕಂಪ್ಯೂಟರಿಗೆ ಹಾಕಿಕೊಂಡ ಒಂದು ಮೇಲ್ ಪ್ರೋಗ್ರಾಮಿನಲ್ಲಿ. ಅದೂ ಹಳೇ ಪಾಪ್ ಪದ್ಧತಿ. ಸರ್ವರಿನಿಂದ ಮೇಲ್ ಇಳಿಸಿಕೊಂಡ ಕೂಡಲೇ ಅಲ್ಲಿಂದ ಅಳಿಸಿಬಿಡುವ ಹಾಗೆ ಸೆಟ್ಟಿಂಗ್ ಇತ್ತು. ಅಂದರೆ ಅಷ್ಟೂ ವರ್ಷದ ಪತ್ರಗಳು ಇದ್ದದ್ದು ಆ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಅದರಲ್ಲೂ 'ಆಪ್‌ಡೇಟಾ' ಅನ್ನುವ ಫೋಲ್ಡರಿನ ಹೊಟ್ಟೆಯಲ್ಲಿ. ವಿಂಡೋಸ್ ಆ ಫೋಲ್ಡರನ್ನು ಮಾಮೂಲಾಗಿ ತೋರಿಸುವುದೇ ಇಲ್ಲ. ಎರಡು ರಾತ್ರಿ ರಿಕವರಿ ಸಾಫ್ಟ್‌ವೇರ್ ಓಡಿಸಿದೆವು. ಒಂದು ದೊಡ್ಡ ಫೈಲ್ ಸಿಕ್ಕಿತು, ಅದು ತೆರೆಯಲಿಲ್ಲ. "ಹೋಗ್ಲಿ ಬಿಡಿ, ನನಗೂ ಗೊತ್ತಿರಲಿಲ್ಲ" ಅಂದು ಅವರು ಎದ್ದು ಹೋದರು. ಬೈದಿದ್ದರೆ ವಾಸಿ ಇತ್ತು.

ತಪ್ಪು ಅವರದಲ್ಲ. ಏನೇನು ಉಳಿಸಬೇಕು ಅಂತ ಅವರನ್ನು ಕೇಳಿ ಅಷ್ಟಕ್ಕೇ ಬಿಟ್ಟದ್ದು ನಮ್ಮ ತಪ್ಪು. ಯಾವ ಪ್ರೋಗ್ರಾಮ್ ತನ್ನ ಸಾಮಾನು ಎಲ್ಲಿ ಇಟ್ಟುಕೊಳ್ಳುತ್ತದೆ ಅನ್ನುವುದು ಬಳಸುವವರಿಗೆ ಗೊತ್ತಿರಬೇಕಿಲ್ಲ, ರಿಪೇರಿ ಮಾಡುವವರಿಗೆ ಗೊತ್ತಿರಬೇಕು.

ಫಾರ್ಮ್ಯಾಟ್ ಆದ ಮೇಲೂ ರಿಕವರಿ ಮಾಡಬಹುದಲ್ವಾ ಅಂತ ತುಂಬಾ ಜನ ಕೇಳುತ್ತೀರಿ. ಹಾರ್ಡ್‌ಡಿಸ್ಕ್ ಆದರೆ, ಬರೀ ಕ್ವಿಕ್ ಫಾರ್ಮ್ಯಾಟ್ ಆಗಿ ನಿಂತಿದ್ದರೆ ಆಸೆ ಇದೆ. ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಹೋಗಿರುತ್ತದೆ, ಫೈಲಿನ ಒಡಲು ಇನ್ನೂ ಅಲ್ಲೇ ಬಿದ್ದಿರುತ್ತದೆ. ಆದರೆ ಅದರ ಮೇಲೆ ಹೊಸ ವಿಂಡೋಸ್ ಸುಮಾರು 20 ಜಿಬಿ ಬರೆದುಕೊಂಡು ಕೂತರೆ ಆ ಜಾಗದಲ್ಲಿ ಇದ್ದದ್ದು ಮುಗಿಯಿತು. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್) ಆದರೆ ಅಷ್ಟೂ ಇಲ್ಲ. ಖಾಲಿಯಾದ ಜಾಗವನ್ನು ಅದು ತಾನೇ ಒಳಗೊಳಗೇ ಒರೆಸಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಈಗ ಎಲ್ಲ ಎಚ್ಚರಿಕೆಯನ್ನೂ ಫಾರ್ಮ್ಯಾಟ್‌ಗೆ ಮುಂಚೆಯೇ ತಂದಿಟ್ಟಿದ್ದೇವೆ.

ಇನ್ನೊಬ್ಬರು ತಾವೇ ಬ್ಯಾಕಪ್ ಮಾಡಿಕೊಂಡು ಬಂದಿದ್ದರು. ಪೆನ್‌ಡ್ರೈವ್ ಹಾಕಿ ನೋಡಿದರೆ ನಲವತ್ತು ಐಟಂ, ಒಟ್ಟು ಗಾತ್ರ ಮಾತ್ರ 100 ಕೆಬಿ ಕೂಡ ಇಲ್ಲ. ಒಂದೊಂದು ಐಕಾನಿನ ಕೆಳಮೂಲೆಯಲ್ಲೂ ಪುಟ್ಟ ಬಾಣದ ಗುರುತು. ಅಷ್ಟೂ ಶಾರ್ಟ್‌ಕಟ್, ಫೈಲಿಗೆ ದಾರಿ ತೋರಿಸುವ ಗುರುತು ಮಾತ್ರ! ಮನೆ ವಿಳಾಸದ ಚೀಟಿ ಜೋಪಾನವಾಗಿಟ್ಟುಕೊಂಡು ಮನೆ ಕೆಡವಲು ಹೇಳಿದ ಹಾಗೆ. ಸದ್ಯ, ಅವತ್ತು ನೋಡಿದೆವು. ಹೆಸರಿನ ಪಕ್ಕ ಮೋಡದ ಗುರುತು ಇರುವ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಸಂಗ್ರಹ) ಫೈಲುಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ. ಹೆಸರು ನಿಮ್ಮ ಕಂಪ್ಯೂಟರಿನಲ್ಲಿ ಕಾಣುತ್ತದೆ, ಫೈಲ್ ಇರುವುದು ಇಂಟರ್‌ನೆಟ್ಟಿನಲ್ಲಿ. ಆ ಅಕೌಂಟಿನ ಪಾಸ್‌ವರ್ಡ್ ನೆನಪಿಲ್ಲ ಅಂದರೆ ಮೊದಲು ಅದನ್ನು ಸರಿಮಾಡಿಕೊಂಡೇ ಮುಂದಿನ ಮಾತು. ರೀಸೈಕಲ್ ಬಿನ್ ಅನ್ನೇ ಬೀರು ಮಾಡಿಕೊಂಡವರೂ ನಮ್ಮಲ್ಲಿ ಇದ್ದಾರೆ, ಹೆಸರು ಹೇಳುವುದಿಲ್ಲ.

ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳಿಗಂತೂ ನೀವೇ ಬರಬೇಕು. ಕ್ರೋಮ್‌ನ ಫೋಲ್ಡರ್ ಪೂರ್ತಿ ಕಾಪಿ ಮಾಡಿಟ್ಟರೂ ಹೊಸ ವಿಂಡೋಸ್‌ನಲ್ಲಿ ಆ ಪಾಸ್‌ವರ್ಡ್‌ಗಳು ತೆರೆಯುವುದಿಲ್ಲ. ಅವಕ್ಕೆ ಹಾಕಿದ ಬೀಗದ ಕೀಲಿ ಹಳೇ ವಿಂಡೋಸ್‌ನಲ್ಲಿದ್ದ ನಿಮ್ಮ ಅಕೌಂಟಿಗೇ ಅಂಟಿಕೊಂಡಿರುತ್ತದೆ. ಹಳೇ ವಿಂಡೋಸ್ ಬದುಕಿರುವಾಗಲೇ ಗೂಗಲ್ ಅಕೌಂಟಿಗೆ ಸಿಂಕ್ ಮಾಡಬೇಕು, ಇಲ್ಲವೇ ಒಂದು ಫೈಲಾಗಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು. ಫೈರ್‌ಫಾಕ್ಸ್‌ನವರಿಗೆ ಈ ತಲೆನೋವು ಇಲ್ಲ, ಪ್ರೊಫೈಲ್ ಫೋಲ್ಡರ್ ತಂದರೆ ಪಾಸ್‌ವರ್ಡೂ ಜೊತೆಗೇ ಬರುತ್ತದೆ.

ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸಿ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟವರು ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗೇ ಕಾಣುವ ಈಗಿನ ಪದ್ಧತಿ) ಅಲ್ಲದ ಆ ಫೈಲುಗಳು ಕಾಪಿಯೇನೋ ಸರಿಯಾಗೇ ಆಗುತ್ತವೆ. ಆದರೆ ಹೊಸ ವಿಂಡೋಸ್‌ನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ, ನಿಮ್ಮ ಕನ್ನಡದ ಪುಟ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಚಿತ್ರಾನ್ನವಾಗಿ ತೆರೆದುಕೊಳ್ಳುತ್ತದೆ. ಫೈಲ್ ಕೆಟ್ಟಿತು ಅಂತ ಗಾಬರಿಯಾಗಿ ಡಿಲೀಟ್ ಮಾಡಿದವರನ್ನು ನೋಡಿದ್ದೇವೆ. ಕೆಟ್ಟಿರುವುದಿಲ್ಲ, ಫಾಂಟ್ ಹಾಕಿದರೆ ಹಾಗೇ ಸರಿಹೋಗುತ್ತದೆ. ಇನ್ನು ಮೇಲೆ ನಿಮ್ಮ ಫಾಂಟ್ ಫೋಲ್ಡರನ್ನೂ ಕಾಪಿ ಮಾಡಿ ಇಡುತ್ತೇವೆ.

ಮೂರು ದಿನ ಯಾಕೆ ಅಂತ ಈಗ ಹೇಳುತ್ತೇವೆ. ಹಳೇ ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ 30 ಎಂಬಿ ಓಡಿದರೆ ಪುಣ್ಯ. ಆ ಲೆಕ್ಕದಲ್ಲಿ 300 ಜಿಬಿಗೆ ಹತ್ತಿರ ಹತ್ತಿರ 3 ಗಂಟೆ. ಅದು ದೊಡ್ಡ ದೊಡ್ಡ ಫೈಲುಗಳಾದರೆ. ಚಿಲ್ಲರೆ ಫೈಲುಗಳು ಸಾವಿರಗಟ್ಟಲೆ ಇದ್ದರೆ ರಾತ್ರಿಯೆಲ್ಲ ಬೇಕು. ಆಮೇಲೆ ಕಾಪಿಯನ್ನು ಮೂಲದ ಜೊತೆ ಒಂದೊಂದಾಗಿ ತಾಳೆ ನೋಡುವುದಕ್ಕೆ ಮತ್ತೆ ಅಷ್ಟೇ ಹೊತ್ತು. ಮೊದಲು ನಾವು ಈ ತಾಳೆ ನೋಡುತ್ತಲೇ ಇರಲಿಲ್ಲ. ಎಳೆದು ಬಿಟ್ಟು, ಹಸಿರು ಪಟ್ಟಿ ತುಂಬಿದರೆ ಆಯಿತು ಅಂದುಕೊಳ್ಳುತ್ತಿದ್ದೆವು. ಮಧ್ಯದಲ್ಲಿ ಯಾವುದೋ ಫೈಲ್ ಓದಲಾಗಲಿಲ್ಲ ಅಂತ ಬಂದಾಗ 'ಸ್ಕಿಪ್' ಒತ್ತಿದ್ದು ಸಂಜೆಗೆ ಯಾರಿಗೆ ನೆನಪಿರುತ್ತದೆ? ಈಗ ರೋಬೋಕಾಪಿ ಬಳಸುತ್ತೇವೆ. ವಿಂಡೋಸ್‌ನ ಒಳಗೇ ಇರುವ ಕಪ್ಪು ಪರದೆಯ ಸಾಧನ ಇದು, ಯಾವ ಫೈಲ್ ಬರಲಿಲ್ಲ ಅಂತ ಬರೆದಿಡುತ್ತದೆ. ಒಂದು ತಮಾಷೆ: ಒಂದು ಫೈಲ್ ಓದಲಾಗದಿದ್ದರೆ ಅದು ತನ್ನಷ್ಟಕ್ಕೆ 30 ಸೆಕೆಂಡಿಗೊಮ್ಮೆ, 10 ಲಕ್ಷ ಸಲ ಪ್ರಯತ್ನಿಸುತ್ತದೆ. ಲೆಕ್ಕ ಹಾಕಿದರೆ ಒಂದು ವರ್ಷಕ್ಕೆ ಹದಿನೆಂಟು ದಿನ ಕಡಿಮೆ! ನಾವು ಒಂದೇ ಸಲ ಸಾಕು ಅಂತ ಹೇಳಿ ಓಡಿಸುತ್ತೇವೆ. ಆ ವರದಿಯ ಪ್ರಿಂಟ್ ನಿಮ್ಮ ಕೈಗೂ ಕೊಡುತ್ತೇವೆ.

ಡಿಸ್ಕ್ ಟಿಕ್ ಟಿಕ್ ಅಂತ ಶಬ್ದ ಮಾಡುತ್ತಿದ್ದರೆ, ಫೋಲ್ಡರ್ ತೆರೆದರೆ ಹ್ಯಾಂಗ್ ಆಗುತ್ತಿದ್ದರೆ ದಯವಿಟ್ಟು ಮನೆಯಲ್ಲಿ ಪದೇ ಪದೇ ಆನ್ ಮಾಡಿ ನೋಡಬೇಡಿ. ಡಿಸ್ಕಿನ ದೋಷ ಹುಡುಕುವ ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ. ಸಾಯುತ್ತಿರುವ ಡಿಸ್ಕ್ ಓದುವುದು ಇನ್ನೆಷ್ಟು ಗಂಟೆಯೋ, ಆ ಗಂಟೆಗಳು ಕಾಪಿಗೇ ಖರ್ಚಾಗಲಿ. ಅಂಥದ್ದಕ್ಕೆ ಡಿಡಿರೆಸ್ಕ್ಯೂ ಅನ್ನುವ ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ವ್ಯವಸ್ಥೆ) ಸಾಧನ ಬಳಸುತ್ತೇವೆ. ಅದು ಸುಲಭವಾಗಿ ಓದಲಾಗುವ ಜಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ. ಇಂಥ ಕೆಲಸಕ್ಕೆ ದಿನದ ಲೆಕ್ಕ ಕೇಳಬೇಡಿ.

ಇನ್ನೊಂದು ಬದಲಾವಣೆ ನಿಮಗೆ ಕಾಣುವುದಿಲ್ಲ, ಆದರೆ ನಮಗೆ ಅದೇ ಮುಖ್ಯ. ವಿಂಡೋಸ್ ಹಾಕುವಾಗ ಎಲ್ಲಿ ಹಾಕಲಿ ಅಂತ ಕೇಳುವ ಒಂದು ಪರದೆ ಬರುತ್ತದೆ. ಅಲ್ಲಿ ಸಿ, ಡಿ ಅನ್ನುವ ಅಕ್ಷರ ಇರುವುದಿಲ್ಲ. ಡ್ರೈವ್ 0 ಪಾರ್ಟಿಷನ್ 1, ಪಾರ್ಟಿಷನ್ 2 ಅಂತ ಬರೀ ನಂಬರು ಮತ್ತು ಗಾತ್ರ. ಹೊರಗಡೆ ಸಿಕ್ಕಿಸಿದ ಬ್ಯಾಕಪ್ ಡಿಸ್ಕ್ ಕೂಡ ಅದೇ ಪಟ್ಟಿಯಲ್ಲಿ ಸಾಲಾಗಿ ಕೂತಿರುತ್ತದೆ. ಎರಡೂ ಒಂದೇ ಗಾತ್ರದ್ದಾದರೆ? ಸಂಜೆ ಆರು ಗಂಟೆಗೆ, ಗ್ರಾಹಕರು ಎದುರಿಗೆ ನಿಂತು ವಾಚ್ ನೋಡುತ್ತಿರುವಾಗ, ತಪ್ಪಾದ ಸಾಲಿನ ಮೇಲೆ ಡಿಲೀಟ್ ಒತ್ತುವುದು ಏನೂ ಕಷ್ಟವಲ್ಲ. ಹಾಗಾಗಿ ಇನ್ನು ಆ ಪರದೆ ಬರುವ ಮುಂಚೆಯೇ ಬ್ಯಾಕಪ್ ಡಿಸ್ಕ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಸಂಜೆ ಹೊತ್ತು ಈ ಕೆಲಸ ಶುರುಮಾಡುವುದಿಲ್ಲ.

ಡಿಸ್ಕ್ ಬದಲಿಸಲು ಬರುವ ಕಂಪ್ಯೂಟರ್ ಆದರೆ, ಹಳೇದನ್ನು ಫಾರ್ಮ್ಯಾಟ್ ಮಾಡುವುದೇ ಬೇಡ ಅನ್ನುವುದು ನಮ್ಮ ಸಲಹೆ. ಹೊಸ ಎಸ್‌ಎಸ್‌ಡಿ ಹಾಕಿ ಅದಕ್ಕೆ ವಿಂಡೋಸ್ ಹಾಕುತ್ತೇವೆ. ಹಳೇ ಹಾರ್ಡ್‌ಡಿಸ್ಕನ್ನು ಇದ್ದ ಹಾಗೇ ಕವರಿನಲ್ಲಿ ಹಾಕಿ ನಿಮಗೆ ಕೊಡುತ್ತೇವೆ. ಏನೋ ಮರೆತು ಹೋಗಿತ್ತು ಅಂತ ಆರು ತಿಂಗಳಿಗೆ ನೆನಪಾದರೂ ಅದರಲ್ಲಿ ಹುಡುಕಬಹುದು. ಹಳೇ ಕಂಪ್ಯೂಟರ್ ಚುರುಕಾಗುವುದೂ ಇದರಿಂದಲೇ ಜಾಸ್ತಿ. "ಅರ್ಜೆಂಟ್ ಇದೆ, ಬ್ಯಾಕಪ್ ಏನೂ ಬೇಡ" ಅನ್ನುವವರಿಗೆ ಇದೊಂದೇ ದಾರಿ. ನೀವು ಬೇಡ ಅಂದರೂ ಕಾಪಿ ಇಲ್ಲದ ಡಿಸ್ಕ್ ನಾವು ಒರೆಸುವುದಿಲ್ಲ.

ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆಗಿನಿಂದ 11 ಹಾಕಿಕೊಡಿ ಅಂತ ಬರುವವರು ಜಾಸ್ತಿ. 11ಕ್ಕೆ 4 ಜಿಬಿ ರ್ಯಾಮ್, 64 ಜಿಬಿ ಜಾಗದ ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಭಾಗ ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚು ಕಡಿಮೆ 8ನೇ ಪೀಳಿಗೆಯಿಂದ ಈಚಿನದಾಗಿರಬೇಕು. ಇಲ್ಲದ ಯಂತ್ರಕ್ಕೆ ಅಡ್ಡದಾರಿಯಲ್ಲಿ ಹಾಕಬಹುದು, ನಾವು ಹಾಕುವುದಿಲ್ಲ. ನಾಳೆ ಅಪ್‌ಡೇಟ್ ಬರದಿದ್ದರೆ ನೀವು ಬರುವುದು ನಮ್ಮ ಹತ್ತಿರವೇ ತಾನೇ. ಬ್ರೌಸಿಂಗ್, ಮೇಲ್, ಪತ್ರ ಬರೆಯುವುದು ಇಷ್ಟೇ ಸಾಕು ಅನ್ನುವವರು ಲಿನಕ್ಸ್ ಮಿಂಟ್ ನೋಡಬಹುದು. ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ತೋರಿಸುತ್ತೇವೆ. ನಿಮ್ಮ ಪ್ರಿಂಟರ್ ತಂದು ಅಲ್ಲೇ ಒಂದು ಪುಟ ಪ್ರಿಂಟ್ ಹಾಕಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಕಾಪಿ ತೆಗೆಯುವುದಕ್ಕೆ ಇಷ್ಟು ದಿನ ಬೇರೆ ಬಿಲ್ ಇರಲಿಲ್ಲ, ಇನ್ನು ಇರುತ್ತದೆ. ಅದು ಈಗ ನಿಜಕ್ಕೂ ಕೆಲಸ. ನಿಮ್ಮದೇ ಎಕ್ಸ್‌ಟರ್ನಲ್ ಡಿಸ್ಕ್ ತಂದರೆ ಅದಕ್ಕೇ ಹಾಕಿಕೊಡುತ್ತೇವೆ. ಪೆನ್‌ಡ್ರೈವ್ ತರುವವರು ನೆನಪಿಡಿ, ಅದು ಎಫ್‌ಎಟಿ32 ಅನ್ನುವ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ, ಮದುವೆ ವಿಡಿಯೋ ಹೊರಗೇ ಉಳಿಯುತ್ತದೆ. ನಮ್ಮ ಡಿಸ್ಕಿನಲ್ಲಿರುವ ಕಾಪಿಯನ್ನು 30 ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತೇವೆ.

ಪಾಸ್‌ವರ್ಡ್ ಬರೆದ ಚೀಟಿಯನ್ನು ಲ್ಯಾಪ್‌ಟಾಪ್ ಮೇಲೆ ಅಂಟಿಸುವ ನಮ್ಮ ಹಳೇ ಅಭ್ಯಾಸವನ್ನೂ ಬಿಟ್ಟಿದ್ದೇವೆ. ಕೊಡುವಾಗ ನೀವೇ ಟೈಪ್ ಮಾಡಿ ತಾತ್ಕಾಲಿಕ ಪಾಸ್‌ವರ್ಡ್ ಇಟ್ಟುಕೊಡಿ, ಕೆಲಸ ಮುಗಿದ ಮೇಲೆ ಬದಲಿಸಿಕೊಳ್ಳಿ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್ ಹಾಕುವ ಬೀಗ) ಇದ್ದರೆ 48 ಅಂಕಿಯ ರಿಕವರಿ ಕೀ ಬೇಕಾಗುತ್ತದೆ, ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ. ಹಳೇ ಆಫೀಸ್ ಸಿಡಿ, ಅದರ ಕೀ ಬರೆದ ಡಬ್ಬ ಇದ್ದರೆ ಹುಡುಕಿ ತನ್ನಿ.

ಈಗಾಗಲೇ ಕಂಪ್ಯೂಟರ್ ಕೊಟ್ಟು ಹೋಗಿರುವವರಿಗೂ ಇದೇ ಕ್ರಮ. ಕಾಪಿ ರೆಡಿಯಾದ ಕೂಡಲೇ ಫೋನ್ ಮಾಡುತ್ತೇವೆ. ನೋಡಲು ಬಂದಾಗ ಅರ್ಧ ಗಂಟೆ ಇಟ್ಟುಕೊಂಡು ಬನ್ನಿ. ಹಳೇ ಫೋಟೋ ಒಂದು ತೆರೆದರೆ ಯಾರೂ ಅರ್ಧ ಗಂಟೆಗೆ ಏಳುವುದಿಲ್ಲ ಅನ್ನುವುದು ಬೇರೆ ಮಾತು.

ಇಂತಿ,
ನಿಮ್ಮ ರಿಪೇರಿ ಬಳಗ

ಮರೆತಿದ್ದೆವು: ಚಾರ್ಜರ್ ತನ್ನಿ. ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ನಂಬಿಕೊಂಡು ಮೂರು ಗಂಟೆಯ ಕಾಪಿ ಶುರುಮಾಡಲು ಆಗುವುದಿಲ್ಲ.