ಕಸ ವಿಂಗಡಿಸುವ ವಿದ್ಯಾರ್ಥಿಗೆ ಕಿಲೋ ಲೆಕ್ಕದ ಕೂಲಿ ಬೇಡ

ಮಾನ್ಯ ಸಂಪಾದಕರೇ,

ವಿಜಯಪುರ, ಕಲಬುರಗಿ, ಜತ್ತ, ಅಕ್ಕಲಕೋಟೆ ಕಡೆಯಿಂದ ಪುಣೆಗೆ ಓದಲು ಬರುವ ನಮ್ಮ ಮಕ್ಕಳಿಗೆ ‘ಕಮವಾ ವ ಶಿಕಾ’ ಹೊಸ ಹೆಸರೇನಲ್ಲ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಈ ದುಡಿದು ಓದುವ ಯೋಜನೆಗೆ, 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರ ಹೆಸರಿದೆ. ಕಾಲೇಜುಗಳು ಒಣಕಸದ ವಿಂಗಡಣೆಯನ್ನೂ ಈ ಯೋಜನೆಗೆ ಸೇರಿಸುವುದಾದರೆ, ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡಬಾರದು, ಗಂಟೆ ಲೆಕ್ಕದಲ್ಲಿ ಕೊಡಬೇಕು.

ಕಾರಣ ಬಾಟಲಿಯಲ್ಲೇ ಇದೆ. ಲೀಟರಿನ ಖಾಲಿ ನೀರಿನ ಬಾಟಲಿ ತೂಗುವುದು 20-25 ಗ್ರಾಂ. ಕಿಲೋ ತುಂಬಲು ನಲವತ್ತು-ಐವತ್ತು ಬಾಟಲಿ ಬೇಕು. ತಳದಲ್ಲಿ ಎರಡು ಗುಟುಕು, ಅಂದರೆ 50 ಮಿ.ಲೀ. ನೀರು ಉಳಿದರೂ ತೂಕ ಮೂರು ಪಟ್ಟು. ಕಿಲೋಗಿಷ್ಟು ಎಂದಾದರೆ ಆ ನೀರನ್ನು ಯಾರು ಚೆಲ್ಲುತ್ತಾರೆ? ಮಾಲು ಕೊಳ್ಳುವ ಗುಜರಿಯವನೇನು ಕಣ್ಣು ಮುಚ್ಚಿ ಕೂತಿರುವುದಿಲ್ಲ, ಮುಂದಿನ ಸಲ ಚೀಲಕ್ಕಿಷ್ಟು ಎಂದು ತೂಕ ಮುರಿದುಕೊಳ್ಳುತ್ತಾನೆ. ಮುಚ್ಚಳ ಬಿಚ್ಚಿ, ನೀರು ಸುರಿದು, ತುಳಿದು ಚಪ್ಪಟೆ ಮಾಡಿಯೇ ಚೀಲಕ್ಕೆ ಹಾಕಬೇಕು. ಮುಚ್ಚಳಕ್ಕೆ ಬೇರೆ ಚೀಲ, ಏಕೆಂದರೆ ಅದು ಬೇರೆಯೇ ಪ್ಲಾಸ್ಟಿಕ್. ಬಕೆಟ್ ನೀರಿಗೆ ಹಾಕಿ ನೋಡಿ: ಮುಚ್ಚಳ ತೇಲುತ್ತದೆ, ಬಾಟಲಿಯ ಚೂರು ಮುಳುಗುತ್ತದೆ.

ಕಾಗದದ್ದೂ ಇದೇ ಕಥೆ. ಒದ್ದೆ ರದ್ದಿ ಹೆಚ್ಚು ತೂಗುತ್ತದೆ, ಆದರೆ ಬೆಲೆ ಬಾಳುವುದಿಲ್ಲ. ಬಿಳಿ ಹಾಳೆ, ಪತ್ರಿಕೆ, ರಟ್ಟು ಮೂರನ್ನೂ ಬೇರೆಬೇರೆ ಕಟ್ಟಬೇಕು. ಬೆರೆತರೆ ಇಡೀ ಕಟ್ಟಿಗೆ ಅಗ್ಗದ ಮಾಲಿನ ದರ. ಪ್ರಾಜೆಕ್ಟ್ ರಿಪೋರ್ಟುಗಳ ಸ್ಪೈರಲ್ಲು, ಪ್ಲಾಸ್ಟಿಕ್ ಹೊದಿಕೆ ಕಿತ್ತೆಸೆಯಬೇಕು. ಸ್ಟೇಪ್ಲರ್ ಪಿನ್ ಒಂದೊಂದಾಗಿ ಕೀಳುತ್ತ ಕೂರಬೇಕಿಲ್ಲ, ಕಾಗದದ ಗಿರಣಿಯ ಜರಡಿಯಲ್ಲಿ ಅವು ಉಳಿಯುತ್ತವೆ. ಚಹಾದ ಕಾಗದದ ಲೋಟ ಮಾತ್ರ ರದ್ದಿಗೆ ಬೇಡ, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರವಿರುತ್ತದೆ. ಕಟ್ಟುಗಳನ್ನು ಹಲಗೆಯ ಮೇಲಿಟ್ಟು, ಮೇ ಮುಗಿಯುವುದರೊಳಗೆ ಸಾಗಹಾಕಬೇಕು. ಮಳೆ ಹಿಡಿದರೆ ನೆಲಕ್ಕೆ ತಾಗಿದ ಕಟ್ಟು ತಳದಿಂದಲೇ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಹಳೆಯ ಉತ್ತರಪತ್ರಿಕೆ, ಪ್ರಯೋಗಾಲಯದ ಗಾಜು, ಸೂಜಿ, ಟ್ಯೂಬ್‌ಲೈಟು ವಿದ್ಯಾರ್ಥಿಗಳ ಕೈಗೆ ಬರಲೇಕೂಡದು.

ಇನ್ನು ಹಣದ ಮಾತು. ಮಾಲು ಮಾರಿಯೇ ಕೂಲಿ ಹೊರಡಿಸುತ್ತೇವೆ ಎಂಬ ಲೆಕ್ಕ ನಿಲ್ಲುವುದಿಲ್ಲ. ಬಾಟಲಿಯ ರಾಶಿ ಕಂಡಷ್ಟು ತೂಗುವುದಿಲ್ಲ. ಅದೂ ಅಲ್ಲದೆ, ಪುಣೆಯಲ್ಲಿ ‘ಸ್ವಚ್ಛ್’ ಸಹಕಾರಿ ಸಂಘದ ಕಸ ಆಯುವ ಹೆಂಗಸರ ಸಂಪಾದನೆಯಲ್ಲಿ ಒಣಕಸ ಮಾರಿದ ದುಡ್ಡೂ ಸೇರಿದೆ. ಅವರ ತಟ್ಟೆಯದನ್ನು ಎತ್ತಿ ವಿದ್ಯಾರ್ಥಿಗೆ ಬಡಿಸುವುದು ನ್ಯಾಯವಲ್ಲ. ಅವರು ಬರುವ ಕ್ಯಾಂಪಸ್ಸಿನಲ್ಲಿ ವಿಂಗಡಿಸಿದ ಮಾಲು ಅವರಿಗೇ ಹೋಗಲಿ, ಕೂಲಿ ಕಾಲೇಜಿನ ಬಜೆಟ್ಟಿನಿಂದ ಬರಲಿ. ದಿನಕ್ಕೆ 100 ಕಿಲೋ ಮೀರಿ ಕಸ ಮಾಡುವ ಸಂಸ್ಥೆಗಳಿಗೆ ವಿಂಗಡಣೆಯನ್ನು 2016ರ ಘನತ್ಯಾಜ್ಯ ನಿಯಮಗಳೇ ಕಡ್ಡಾಯ ಮಾಡಿದ್ದವು. ಇದು ದಾನದ ಬಾಬತ್ತಲ್ಲ.

ಕೆಲಸ ಬೆಳಿಗ್ಗೆ ತರಗತಿಗೆ ಮುಂಚೆ ಎರಡು ಗಂಟೆ ಸಾಕು, ಪರೀಕ್ಷೆಯ ವಾರಗಳಲ್ಲಿ ಬೇಡ. ರಬ್ಬರ್ ಲೇಪದ ಕೈಗವಸು, ಬೂಟು, ಧನುರ್ವಾಯುವಿನ ಚುಚ್ಚುಮದ್ದು ಕಾಲೇಜಿನದೇ ಖರ್ಚು. ಕೂಲಿ ತಿಂಗಳ ಐದನೇ ತಾರೀಖಿನೊಳಗೆ ಖಾತೆಗೆ ಬೀಳಬೇಕು. ಮೆಸ್ಸಿನವರು ಹತ್ತರವರೆಗೆ ಕಾಯುವುದಿಲ್ಲ.

— ಒಣಕಸ ವಿಂಗಡಣೆಯ ಕೆಲಸದಲ್ಲಿರುವ ಕನ್ನಡಿಗರು, ಪುಣೆ